ಕಿಂಡಿ ಅಕ್ಕನ ಬೆಡ್‌ಶೀಟ್

ನಮಸ್ಕಾರ. ಒಳಗೆ ಕೂತಿರೋರಿಗೆ, ಹೊರಗೆ ಕಾರಿಡಾರಲ್ಲಿ ನಿಂತಿರೋರಿಗೆ — ಬನ್ನಿ, ಒಳಗೆ ಬನ್ನಿ, ಗೋಡೆ ಪಕ್ಕ ಇನ್ನೂ ಜಾಗ ಇದೆ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಲ್ಲಿರೋ ಭಾವ, ಅವರ ಪಕ್ಕದಲ್ಲಿ ಕೂತಿರೋ ಮಗಳು... ನಿಮ್ಮಿಬ್ಬರಿಗೆ ನಮಸ್ಕಾರ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಆದ್ರೂ ಅಂತೀನಿ. ನಮಸ್ಕಾರ.

ಈ ಎಡಗಡೆ ಕಿಟಕಿಗೆ ಪರದೆ ಇಲ್ಲ. ಒಗೆಯೋಕೆ ಹಾಕಿದ್ದಾರಂತೆ. ಬಿಸಿಲು ಹೊಡೀತಿರೋರು ಕುರ್ಚಿ ಸರಿಸ್ಕೊಳ್ಳಿ. ಮಗಳೇ, ನಿನ್ನ ಮುಖಕ್ಕೇ ಬೀಳ್ತಿದೆ... ಇರ್ಲಿ. ಇರ್ಲಿ ಬಿಡು.

ಮಾನ್ಯ ನಿರ್ದೇಶಕರೇ, ಸಹೋದ್ಯೋಗಿಗಳೇ. ನಮ್ಮ ಅರಣ್ಯ ಸಂಶೋಧನಾ ಕೇಂದ್ರದ ಹಿರಿಯ ವಿಜ್ಞಾನಿ, ನಮ್ಮೆಲ್ಲರ ಪ್ರೀತಿಯ ಅಕ್ಕ, ಕಳೆದ ವಾರ ನಮ್ಮನ್ನೆಲ್ಲ ಅಗಲಿ ಹೋದರು. ಅವರು — ಅವರು —

ಇಲ್ಲ. ಈ 'ಅವರು' ನನ್ನ ಕೈಲಿ ಆಗಲ್ಲ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ, ಎದುರು ಬದುರು ಮೇಜಲ್ಲಿ ಕೂತು ಜಗಳ ಆಡಿದವಳು. ಅವಳು ಅಂತಲೇ ಹೇಳ್ತೀನಿ, ಮನೆಯವರು ಬೇಜಾರು ಮಾಡ್ಕೋಬೇಡಿ. ವಯಸ್ಸಲ್ಲಿ ನನಗಿಂತ ಚಿಕ್ಕವಳು. ಕೆಲಸಕ್ಕೆ ಸೇರಿದ ದಿನವೇ ನನ್ನ ಮೇಜಿನ ಧೂಳು ನೋಡಿ, ತಾನೇ ಒದ್ದೆ ಬಟ್ಟೆ ತಂದು ಒರೆಸಿ, ಒರೆಸ್ತಾ ಒರೆಸ್ತಾ ಬೈದ್ಲು. ಅವತ್ತೇ ನನ್ನ ಬಾಯಲ್ಲಿ 'ಸರಿ ಅಕ್ಕ' ಅಂತ ಬಂತು. ಅದು ಕೇಂದ್ರಕ್ಕೆಲ್ಲ ಅಂಟಿಕೊಳ್ತು. ನಾನು ಗೊಣಗೋದು ಕೇಳಿ ಅವಳು ನನಗೆ 'ಗೊಣಗಣ್ಣ' ಅಂದ್ಲು. ಅದೂ ಅಂಟಿಕೊಳ್ತು. ಅಂದ್ರೆ ನಾನು ಅವಳಿಗೆ ಅಣ್ಣ, ಅವಳು ನನಗೆ ಅಕ್ಕ. ಈ ಸಂಬಂಧ ಯಾವ ಲೆಕ್ಕದಲ್ಲೂ ಕೂಡಲ್ಲ. ನಮಗೆ ಮಾತ್ರ ಕೂಡಿತ್ತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನನ್ನ ಮಾತು ಮುಗಿದ ಮೇಲೆ ನಿರ್ದೇಶಕರು ಒಂದು ಘೋಷಣೆ ಓದ್ತಾರೆ. ಆ ಕಾಗದ ಅವರ ಕೈಯಲ್ಲಿದೆ, ನಿಮಗೂ ಕಾಣಿಸ್ತಿದೆ. ಅಕ್ಕನ ಮಗಳು, ಈಗಷ್ಟೇ ಓದು ಮುಗಿಸಿದವಳು, ಮುಂದಿನ ವಾರದಿಂದಲೇ ಅಕ್ಕನ ಕೆಲಸ ವಹಿಸ್ಕೋತಾಳೆ, ಅದೇ ಕೋಣೆ, ಅದೇ ಮೇಜು, ಅಕ್ಕ ನೋಡ್ಕೋತಿದ್ದ ಅದೇ ಕಾಡು. ಮನಸ್ಸು ಒಳ್ಳೇದೇ ಸಾರ್, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದರ ಬಗ್ಗೆ ನನಗೊಂದು ಮಾತಿದೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಅಕ್ಕ.

ನೆಂಟರು, ಅಕ್ಕಪಕ್ಕದ ಮನೆಯವರು ತುಂಬ ಜನ ಬಂದಿದ್ದೀರಿ. ಅಕ್ಕ ಏನು ಕೆಲಸ ಮಾಡ್ತಿದ್ಲು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಭಾವ ಬಡಗಿ — ಈ ಸಭಾಂಗಣದ ಬಾಗಿಲೂ ಅವರದೇ ಕೆಲಸ, ಎಷ್ಟು ಮೆತ್ತಗೆ ಮುಚ್ಚುತ್ತೆ ನೋಡಿ. ಅವರ ಅಂಗಡಿಗೆ ಬಂದ ಗಿರಾಕಿಯೊಬ್ಬರು ಕೇಳಿದ್ರಂತೆ, "ನಿಮ್ಮ ಹೆಂಡತಿ ಏನು ಕೆಲಸ ಮಾಡ್ತಾರೆ?" ಭಾವ ತಲೆ ಎತ್ತದೆ, "ಮರ ಬಿದ್ದ ಜಾಗಕ್ಕೆ ಹೋಗಿ ಮಲಗ್ತಾಳೆ" ಅಂದ್ರಂತೆ. ಗಿರಾಕಿ, "ಅದಕ್ಕೆ ಸಂಬಳ ಕೊಡ್ತಾರಾ?" ಅಂತ ಕೇಳಿದ್ರಂತೆ.

ನಗಿ. ಪರವಾಗಿಲ್ಲ, ನಗಿ. ಅವಳೇ ಈ ಕತೆ ಹೇಳ್ಕೊಂಡು ನಗ್ತಿದ್ಲು.

ಭಾವ ಹೇಳಿದ್ದು ಸುಳ್ಳೇನಲ್ಲ. ದಟ್ಟ ಕಾಡಲ್ಲಿ ಮೇಲೆ ಎಲೆಗಳದೇ ಒಂದು ಸೂರು ಇರುತ್ತೆ. ನಾನು ಬೆಳಕು ಅಳೆಯೋನು, ಅದೇ ನನ್ನ ಕೆಲಸ, ನನ್ನ ಮಾತು ನಂಬಿ. ಮೇಲೆ ಒಂದು ಕೊಡ ಬೆಳಕು ಸುರಿದ್ರೆ ಕೆಳಗೆ ನೆಲಕ್ಕೆ ಬರೋದು ಒಂದು ಸೌಟು. ಒಂದು ದೊಡ್ಡ ಮರ ಬಿತ್ತು ಅಂದ್ರೆ ಸೂರಲ್ಲಿ ಒಂದು ಕಿಂಡಿ ಬೀಳುತ್ತೆ. ಆ ಕಿಂಡಿಯಿಂದ ಇಳಿದ ಬೆಳಕು ನೆಲದಲ್ಲಿ ಏನೇನು ಮಾಡುತ್ತೆ, ಯಾವ ಗಿಡ ಏಳುತ್ತೆ, ಯಾವುದು ಸಾಯುತ್ತೆ — ಜೀವನವೆಲ್ಲ ಅಕ್ಕ ಇದನ್ನೇ ನೋಡಿದ್ದು. ಬೇರೆ ವಿಭಾಗದವರು 'ಕಿಂಡಿ ಅಕ್ಕ' ಅಂತಿದ್ರು. ಅವಳಿಗೆ ಆ ಹೆಸರು ಇಷ್ಟ.

ಹೊಸ ಕಿಂಡಿಗೆ ಹೋದಾಗ ಅವಳದೊಂದು ನಿಯಮ ಇತ್ತು. ಯಾರೂ ಟೇಪು ತೆಗೀಬಾರದು, ಕ್ಯಾಮೆರಾ ತೆಗೀಬಾರದು, ಬಾಯಿ ತೆಗೀಬಾರದು. ಮೊದಲು ಎಲ್ಲರೂ ನೆಲದ ಮೇಲೆ ಅಂಗಾತ ಮಲಗಬೇಕು. ಮೇಲೆ ನೋಡ್ತಾ ಇರಬೇಕು. ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳೋವರೆಗೆ ಮಾತಿಲ್ಲ. ನಮ್ಮ ನಿರ್ದೇಶಕರು ಒಂದು ಸಲ ಇಸ್ತ್ರಿ ಮಾಡಿದ ಪ್ಯಾಂಟು ಹಾಕ್ಕೊಂಡು ಬಂದಿದ್ರು. "ನಾನು ನಿಂತೇ ನೋಡ್ತೀನಮ್ಮ" ಅಂದ್ರು. ಅಕ್ಕ ಅವರ ಪ್ಯಾಂಟನ್ನ ಒಂದು ಸಲ ನೋಡಿದ್ಲು. ಸಾರ್ ಮಲಗಿದ್ರು! ಏಳುವಾಗ ಬೆನ್ನ ತುಂಬ ಎಲೆ, ಮುಖದ ತುಂಬ ನಗು. ಹೌದಲ್ವಾ ಸಾರ್?

ಅವಳ ಜೊತೆ ವಾದ ಮಾಡೋದು ಅಂದ್ರೆ ಗೋಡೆಗೆ ತಲೆ ಚಚ್ಕೊಂಡ ಹಾಗೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತೀವಲ್ಲ, ಆ ಗಾದೆ ಅವಳ ಮುಂದೆ ಹೇಳೋ ಹಾಗಿರಲಿಲ್ಲ. "ಮೊಳಕೆ ನೋಡಿದ್ರೆ ಏನು ಗೊತ್ತಾಗುತ್ತೆ ಮಣ್ಣು? ಮೊದಲು ತಲೆ ಎತ್ತಿ ಮೇಲೆ ನೋಡು!" ಅಂತಿದ್ಲು. ಮನೇಲೂ ಅಷ್ಟೇ, ಎತ್ತು ಏರಿಗೆ, ಕೋಣ ನೀರಿಗೆ. ಭಾವನಿಗೆ ಬಿದ್ದ ಮರ ಅಂದ್ರೆ ಹಲಗೆ. ಇವಳಿಗೆ ಬಿದ್ದ ಮರ ಅಂದ್ರೆ ಮುಂದಿನ ಕಾಡಿಗೆ ಊಟ. "ಒಂದು ಕೊಂಬೆ ಕೊಡೇ, ಮನೆಗೊಂದು ಮಣೆ ಮಾಡ್ತೀನಿ" ಅಂತ ಭಾವ ಕೇಳೋದು, "ಕೊಂಬೆಯಲ್ಲ, ಒಂದು ಚಕ್ಕೆಯೂ ಮುಟ್ಟೋ ಹಾಗಿಲ್ಲ" ಅಂತ ಇವಳು ಅನ್ನೋದು. ಸಾಯೋವರೆಗೂ ಮುಟ್ಟೋಕೆ ಬಿಡಲಿಲ್ಲ.

ಈಗ ಕುಳ್ಳನ ಕತೆ. ನಮ್ಮ ಕೇಂದ್ರದವರಿಗೆ ಗೊತ್ತು, ಉಳಿದವರಿಗಾಗಿ ಹೇಳ್ತೀನಿ.

ನೆರಳಲ್ಲೇ ಹುಟ್ಟಿ, ನೆರಳಲ್ಲೇ ನಿಂತು, ವರ್ಷಗಟ್ಟಲೆ ಬೆಳೆಯದೆ ಕಾಯೋ ಗಿಡಗಳು ಕಾಡಲ್ಲಿ ಇರುತ್ತವೆ. ನೋಡಿದ್ರೆ ಮೊನ್ನೆ ಹುಟ್ಟಿದ ಹಾಗೆ ಕಾಣುತ್ತೆ. ವಯಸ್ಸು ಕೇಳಿದ್ರೆ ನಮ್ಮ ವಯಸ್ಸು. ಮೇಲಿನ ಮರ ಬಿದ್ದು ಬೆಳಕು ಬಂದ್ರೆ ಉಂಟು, ಇಲ್ಲದಿದ್ರೆ ಹಾಗೇ ಕಾದು ಕಾದು ಹೋಗಿಬಿಡುತ್ತವೆ. ಒಂದು ಭಾರಿ ಮರದ ಬುಡದಲ್ಲಿ ಅಂಥದ್ದೊಂದು ಗಿಡ ಇತ್ತು. ಮಗಳು ಹುಟ್ಟಿದ ವರ್ಷ ಅಕ್ಕ ಅದಕ್ಕೆ ತಗಡಿನ ಚೀಟಿ ಕಟ್ಟಿದ್ಲು. ಮಗಳಿಗೆ ನಡೆಯೋಕೆ ಬಂದ ಮೇಲೆ ಪ್ರತಿ ವರ್ಷ ಅದರ ಪಕ್ಕ ನಿಲ್ಲಿಸಿ ಇಬ್ಬರನ್ನೂ ಒಂದೇ ಟೇಪಲ್ಲಿ ಅಳೆಯೋದು. ಶಾಲೆಗೆ ಸೇರೋ ಹೊತ್ತಿಗೆ ಮಗಳು ಅದನ್ನ ದಾಟಿಬಿಟ್ಟಳು. ಆಮೇಲೆ ಅದು ಅವಳ ಸೊಂಟಕ್ಕೇ ನಿಂತುಬಿಡ್ತು. ಅವಳೇ ಇಟ್ಟ ಹೆಸರು, ಕುಳ್ಳ. "ಅಮ್ಮ, ಇವನು ನನ್ನ ಅಣ್ಣನೋ ತಮ್ಮನೋ?" ಅಂತ ಕೇಳಿದ್ಲು ಒಂದು ಸಲ. ಅಕ್ಕ, "ಅದು ಮೇಲಿನ ಅಜ್ಜ ಹೇಳ್ಬೇಕು" ಅಂದ್ಲು. ಅಜ್ಜ ಅಂದ್ರೆ ಆ ದೊಡ್ಡ ಮರ.

ಮಗಳು ಹೈಸ್ಕೂಲಲ್ಲಿದ್ದಾಗ ಒಂದು ಮಧ್ಯಾಹ್ನ ಅಜ್ಜ ಗಾಳಿಗೆ ಬಿದ್ದ. ಕುಳ್ಳನಿಗೆ ಒಂದು ಗೀರೂ ಬೀಳಲಿಲ್ಲ! ನಮಗೆಲ್ಲ ಸ್ವರ್ಗಕ್ಕೆ ಮೂರೇ ಗೇಣು. ನಾನು — ಈ ಗೊಣಗಣ್ಣ — ಸಿಹಿ ತಂದು ಆ ಕಿಂಡಿಯಲ್ಲೇ ಹಂಚಿದೆ. ಒಂದು ಗಿಡಕ್ಕೆ ಬೆಳಕು ಬಂತು ಅಂತ ಸಿಹಿ ಹಂಚೋರು ಈ ಭೂಮಿ ಮೇಲೆ ನಾವೇ ಇರ್ಬೇಕು. ಮಗಳು ಕುಳ್ಳನಿಗೆ "ಇನ್ನು ನಿನ್ನನ್ನ ಹಿಡಿಯೋರಿಲ್ಲ ಕಣೋ" ಅಂದ್ಲು. ಅಕ್ಕ ಮಾತ್ರ ಸಿಹಿ ಮುಟ್ಟಲಿಲ್ಲ. "ಈಗಲೇ ಕುಣೀಬೇಡಿ" ಅಂದ್ಲು. ಅಷ್ಟೇ.

ಅವಳಿಗೆ ಗೊತ್ತಿತ್ತು. ಸ್ವಲ್ಪ ದಿನಕ್ಕೆ ನಮಗೂ ಗೊತ್ತಾಯ್ತು. ಕುಳ್ಳನ ಎಲೆ ಬಿಳಿಚಿಕೊಳ್ತು. ಆಮೇಲೆ ಅಂಚಲ್ಲಿ ಕಂದು. ಆಮೇಲೆ ಮುಟ್ಟಿದ್ರೆ ಪುಡಿ. ನೆರಳಿಗೆ ಅಂತ ಮಾಡಿದ ಎಲೆ ಅದು, ತೆಳ್ಳಗೆ, ಅಗಲವಾಗಿ. ಸೌಟಲ್ಲಿ ಕುಡಿದು ಅಭ್ಯಾಸ. ಕೊಡ ಎತ್ತಿ ತಲೆ ಮೇಲೆ ಸುರಿದ್ರೆ ಏನು ಮಾಡ್ಬೇಕು ಪಾಪ? ಯಾವ ಬೆಳಕಿಗಾಗಿ ಅಷ್ಟು ವರ್ಷ ಕಾದಿತ್ತೋ ಅದೇ ಬೆಳಕಿಗೆ ಸುಟ್ಟುಹೋಯ್ತು.

ಮಗಳು ಊಟ ಬಿಟ್ಟಳು. ನಾವು ಅಕ್ಕನ ಹಿಂದೆ ಬಿದ್ದೆವು, ಏನಾದ್ರೂ ಮಾಡು, ನೀರು ಹಾಕೋಣ, ಚಪ್ಪರ ಹಾಕೋಣ. ಅಕ್ಕ ಕೇಳಲಿಲ್ಲ. "ಕಾಡು ನೋಡೋದು ನಮ್ಮ ಕೆಲಸ. ಕಾಡು ಮಾಡೋದಲ್ಲ" ಅಂದ್ಲು. ಕಲ್ಲು.

ಮುಂದಿನ ಸಲ ನಾವು ಹೋದಾಗ ಕುಳ್ಳನ ಸುತ್ತ ನಾಲ್ಕು ಕಂಬ. ಏನು ಕಂಬ ಅಂತೀರಿ! ಹತ್ತರಿ ಹಿಡಿದು ನುಣ್ಣಗೆ ಮಾಡಿ, ಮೂಲೆಗೆ ಮೂಲೆ ಕೂಡಿಸಿ ನೆಟ್ಟ ಕಂಬ. ಮೇಲೆ ಹೂವಿನ ಚಿತ್ರ ಇರೋ ಬೆಡ್‌ಶೀಟ್ ಬಿಗಿದು ಕಟ್ಟಿದೆ. ಯಾರ ಕೆಲಸ ಅಂತ ಕೇಳೋದೇ ಬೇಡ. ಭಾವ ಅಲ್ಲೇ ನಿಂತಿದ್ರು, ಮಗಳ ಜೊತೆ.

"ಯಾರನ್ನ ಕೇಳಿ ಕಟ್ಟಿದ್ರಿ ಇದನ್ನ?" ಅಂದ್ಲು ಅಕ್ಕ.

"ಯಾರನ್ನೂ ಕೇಳಲಿಲ್ಲ. ಮಗು ಅಳ್ತಿತ್ತು."

"ಮಗು ಅಳುತ್ತೆ ಅಂತ ಸೂರ್ಯನಿಗೆ ಪರದೆ ಕಟ್ತೀರಾ?"

"ಸೂರ್ಯನ ತಂಟೆಗೆ ನಾನು ಹೋಗಿಲ್ಲ ಮಾರಾಯ್ತಿ. ಕುಳ್ಳನಿಗೆ ಕಟ್ಟಿದ್ದೀನಿ."

ಅಕ್ಕ ತಲೆ ಎತ್ತಿ ನೋಡಿದ್ಲು. "ಅಯ್ಯೋ! ಇದು ನನ್ನ ಹೊಸ ಬೆಡ್‌ಶೀಟು! ಇನ್ನೂ ಒಂದು ಸಲಾನೂ ಹಾಸಿಲ್ಲ!"

ನಾವು ನಗು ತಡ್ಕೊಂಡು ಬೇರೆ ಕಡೆ ನೋಡಿದೆವು. ಅಕ್ಕ ನಗಲಿಲ್ಲ. "ಬಿಚ್ಚಿ" ಅಂದ್ಲು. ಭಾವ ಒಂದು ಮೂಲೆಯ ಗಂಟು ಬಿಚ್ಚಿದ್ರು. ಬೆಡ್‌ಶೀಟ್ ಒಂದು ಕಡೆ ಜೋತುಬಿತ್ತು, ಬಿಸಿಲು ಸೀದಾ ಕುಳ್ಳನ ಮೇಲೆ.

ಆಗ — ಇದನ್ನ ನಾನು ಕಣ್ಣಾರೆ ನೋಡಿದ್ದೀನಿ, ಅದಕ್ಕೇ ಹೇಳ್ತಿದ್ದೀನಿ — ಮಗಳು ನಡೆದು ಬಂದು, ಈ ಕಡೆ, ಹೀಗೆ, ಸೂರ್ಯನಿಗೆ ಬೆನ್ನು ಮಾಡಿ ನಿಂತ್ಲು. ಅವಳ ನೆರಳು ಕುಳ್ಳನ ಮೇಲೆ ಬಿತ್ತು. ಅಷ್ಟೇ. ಹಟ ಇಲ್ಲ, ಅಳು ಇಲ್ಲ. ನಿಂತ್ಲು.

ಅಕ್ಕ ನೋಡಿದ್ಲು. ತುಂಬ ಹೊತ್ತು ನೋಡಿದ್ಲು. ಆಮೇಲೆ ತಾನೇ ಹೋಗಿ ಆ ಗಂಟನ್ನ ಮತ್ತೆ ಕಟ್ಟಿದ್ಲು. ನನ್ನ ಕಡೆ ತಿರುಗಿ, "ಗೊಣಗಣ್ಣ, ಕುಳ್ಳನ್ನ ನಮ್ಮ ಅಧ್ಯಯನದಿಂದ ತೆಗೆದುಬಿಡು. ಇನ್ನು ಅವನು ಮನೆ ಹುಡುಗ" ಅಂದ್ಲು.

ಕುಳ್ಳನ ಅಳತೆ ಅವಳ ಜೀವಮಾನದ ಕೆಲಸದ ನಡುಗಂಬ. ಕೈ ಹಾಕಿದ ಗಿಡ ಲೆಕ್ಕಕ್ಕೆ ಬರಲ್ಲ, ಅದು ಅವಳೇ ಮಾಡಿದ ನಿಯಮ. "ಮಗಳ ವಯಸ್ಸಿನಷ್ಟು ವರ್ಷದ ಅಳತೆ ಅಕ್ಕ, ಎಲ್ಲ ನೀರಲ್ಲಿ ಹೋಮ ಆಗುತ್ತೆ" ಅಂದೆ. "ಹೋಗ್ಲಿ ಬಿಡೋ" ಅಂದ್ಲು. ಅಂದವಳೇ ಗಂಟು ಬಿಗಿ ಇದೆಯಾ ಅಂತ ಎಳೆದು ನೋಡಿದ್ಲು.

ಆಮೇಲೆ ಶುರುವಾಯ್ತು ನೋಡಿ ತಮಾಷೆ. ಪ್ರತಿ ಸಲ ಹೋದಾಗ ಬ್ಯಾಗಿಂದ ಕತ್ತರಿ ತೆಗೆಯೋದು, ಬೆಡ್‌ಶೀಟಲ್ಲಿ ಒಂದು ತೂತು ಕತ್ತರಿಸೋದು. ಮೊದಲು ಗುಂಡಿಯಷ್ಟು. ಆಮೇಲೆ ಅಂಗೈಯಷ್ಟು. ಒಂದು ಹೂವು ಹೋಯ್ತು, ಇನ್ನೊಂದು ಹೂವು ಹೋಯ್ತು. ಹೊಸ ಬೆಡ್‌ಶೀಟು, ಒಂದು ಸಲಾನೂ ಹಾಸದೇ ಇದ್ದದ್ದು! ನಾನು ಕೇಳಿದೆ, "ಒಂದೇ ಸಲ ತೆಗೆದುಬಿಡಬಾರದಾ?" ಅಂತ. "ಹಳೇ ಎಲೆ ಇನ್ನು ಉಳಿಯಲ್ಲ. ಅದು ಉದುರಲಿ. ಹೊಸ ಎಲೆ ಬರೋವರೆಗೆ ಇಷ್ಟಿಷ್ಟೇ ಕೊಡ್ಬೇಕು. ಸತ್ತಿದೆ ಅಂತ ಕಿತ್ತು ನೋಡ್ಬಾರದು, ಬೆಳೀತಿಲ್ಲ ಅಂತ ಜಗ್ಗಬಾರದು" ಅಂದ್ಲು.

ಎಲೆಯೆಲ್ಲ ಉದುರಿತು. ಬರೀ ಕಡ್ಡಿ. ನಾನಂತೂ ಆಸೆ ಬಿಟ್ಟಿದ್ದೆ. ಆಮೇಲೊಂದು ದಿನ ಆ ಕಡ್ಡಿಯ ತುದಿಯಲ್ಲಿ ಚಿಕ್ಕ ಎಲೆ, ದಪ್ಪ ಎಲೆ, ಬಿಸಿಲಿಗೆ ಅಂತಲೇ ಮಾಡಿದ ಎಲೆ. ಈಗ ಕುಳ್ಳ ನನಗಿಂತ ಎತ್ತರ ಇದ್ದಾನೆ. ನಂಬದಿದ್ದರೆ ಹೋಗಿ ನೋಡಿ. ಒಂದು ಕಂಬದಲ್ಲಿ ಬೆಡ್‌ಶೀಟಿನ ಒಂದು ಚೂರು ಇನ್ನೂ ಇದೆ.

ಮಿತ್ರರೇ... ಕಳೆದ ವಾರ. ನಾವಿಬ್ಬರೂ ಕಾಡಿಂದ ಬಂದು ಕೋಣೆಯಲ್ಲಿ ಕೂತಿದ್ದೆವು. ಬೂಟು ಕಳಚ್ತಾ ನನ್ನನ್ನ ಏನೋ ಬೈತಿದ್ಲು. ನಾನು ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ಮತ್ತೆ ಸರಿಯಾಗಿ ಹಾಕಿರಲಿಲ್ಲ ಅಂತ. ಒಂದು ಬೂಟು ಕಳಚಿದ್ಲು. ಇನ್ನೊಂದಕ್ಕೆ ಬಗ್ಗಿದ್ಲು. ಬೈಗುಳ ಅರ್ಧಕ್ಕೆ ನಿಂತ್ಹೋಯ್ತು. ನಾನು ತಿರುಗಿ ನೋಡಲಿಲ್ಲ — ಅವಳು ಸುಮ್ಮನಾದ್ಲಲ್ಲ ಅಂತ ನಗ್ತಿದ್ದೆ. ಡಾಕ್ಟರು ಬಂದು, ನೋಡಿ, ತಲೆ ಅಲ್ಲಾಡಿಸಿ ಹೋದ ಮೇಲೆ ಆ ಇನ್ನೊಂದು ಬೂಟಿನ ದಾರ ನಾನೇ ಬಿಚ್ಚಿದೆ. ಅವಳು ಹಾಕೋ ಗಂಟು ಬಿಚ್ಚೋದು ಸುಲಭ ಅಲ್ಲ.

ಆ ಬೂಟು ಇವತ್ತಿಗೂ ಬಾಗಿಲ ಹತ್ತಿರವೇ ಇದೆ. ಕಸ ಗುಡಿಸೋ ಅಮ್ಮ ಸುತ್ತ ಗುಡಿಸಿ ಹೋಗ್ತಾರೆ. ಯಾರಿಗೂ ಎತ್ತಿಡೋ ಧೈರ್ಯ ಇಲ್ಲ. ಬೆಳಗ್ಗೆ ಕೋಣೆಗೆ ಬಂದು ಫ್ಲಾಸ್ಕಿನ ಮುಚ್ಚಳ ಬೇಕು ಅಂತಲೇ ಓರೆಯಾಗಿ ಇಡ್ತೀನಿ. ಯಾರೂ ಬೈಯಲ್ಲ. ಹೇಗಿದ್ದೀರಿ ಅಂತ ಕೇಳ್ತೀರಲ್ಲ ಎಲ್ಲರೂ — ಹೀಗಿದ್ದೀನಿ.

ಮನುಷ್ಯರ ಕತೆ ತಂದು ಕಾಡಿಗೆ ಅಂಟಿಸಿದ್ರೆ ಅಕ್ಕನಿಗೆ ಆಗ್ತಿರಲಿಲ್ಲ. ಮಕ್ಕಳ ಪುಸ್ತಕಕ್ಕೆ ಬರಿ ಅಂತಿದ್ಲು. ಇವತ್ತು ನಾನು ಒಂದೇ ಒಂದು ಸಲ ಅಂಟಿಸ್ತೀನಿ. ಬೈಯೋಕೆ ಬಾ ಅಕ್ಕ. ಬಾ, ಎದುರು ನಿಂತು ಬೈ.

ನೀವೆಲ್ಲ ದುಃಖದ ಮನೆಗೆ ಹೋದ್ರಿ, ಒಳ್ಳೇದು ಮಾಡಿದ್ರಿ. ಆದ್ರೆ ಹೋದವರೆಲ್ಲ ಈ ಹುಡುಗಿಗೆ ಏನು ಹೇಳಿದ್ರಿ? "ಧೈರ್ಯ ತಗೋ." "ಅಪ್ಪನ್ನ ಇನ್ನು ನೀನೇ ನೋಡ್ಕೋಬೇಕು." "ಅಮ್ಮನ ಕೆಲಸ ನಿಲ್ಲಬಾರದು." "ಅಮ್ಮನ ಜಾಗ ನೀನೇ ತುಂಬಬೇಕು." ನಾನು ಮೂಲೆಯಲ್ಲಿ ಕೂತು ಕೇಳ್ತಿದ್ದೆ. ಯಾರು ಏನು ಹೇಳಿದ್ರೂ ಅವಳು "ಹೂಂ" ಅಂದ್ಲು. ನಿರ್ದೇಶಕರು ಕೇಳಿದ್ದಕ್ಕೂ "ಹೂಂ" ಅಂದಿದ್ದಾಳೆ. ಸಾರ್, ಅದು ಒಪ್ಪಿಗೆ ಅಲ್ಲ. ಆ ಹುಡುಗಿ ಈಗ ಊಟ ಆಯ್ತಾ ಅಂದ್ರೂ "ಹೂಂ" ಅಂತಾಳೆ. ಊಟ ಆಗಿರಲ್ಲ. ಇನ್ನೂ ಒಂದು ಹನಿ ಅತ್ತಿಲ್ಲ. ಈಗಲೂ ನೋಡಿ, ಅಷ್ಟು ಬಿಸಿಲು ಮುಖಕ್ಕೆ ಹೊಡೀತಿದೆ, ಕಣ್ಣು ಕಿರಿದು ಮಾಡಿಲ್ಲ, ಕುರ್ಚಿ ಸರಿಸಿಲ್ಲ.

ಅಮ್ಮನ ಕೆಳಗೆ ನಿಂತು ಬೆಳೆದ ಮಗು ಅದು. ಮೇಲಿದ್ದದ್ದು ಒಂದೇ ಮಧ್ಯಾಹ್ನದಲ್ಲಿ ಬಿದ್ದುಹೋಗಿದೆ. ನಾವು ಎಲ್ಲ ಸೇರ್ಕೊಂಡು, 'ನೋಡು, ಎಷ್ಟು ಬೆಳಕು ಬಂತು, ಬೆಳಿ ಬೆಳಿ' ಅಂತ ಸಿಹಿ ಹಂಚೋಕೆ ಹೊರಟಿದ್ದೀವಿ. ಬೇಡ ಸಾರ್. ಆ ಕೆಲಸ ಅವಳದೇ ಆಗಲಿ, ಅವಳಿಗೆ ಬೇಕು ಅನ್ನಿಸಿದ ದಿನ ಆಗಲಿ. ಬೇಡ ಅನ್ನಿಸಿದ್ರೆ ಅವಳು ಬೇರೆ ಏನಾದ್ರೂ ಮಾಡ್ಲಿ, ಹಾಡು ಹೇಳ್ಲಿ, ಅಂಗಡಿ ಇಡ್ಲಿ. ಇವತ್ತು ಬೇಡ. ಈ ವಾರ ಬೇಡ. ಇಷ್ಟು ಜನರ ಮುಂದೆ ಓದಿಬಿಟ್ರೆ ಅವಳಿಗೆ ಇಲ್ಲ ಅನ್ನೋ ದಾರಿಯೇ ಇರಲ್ಲ. ಅವಳ ಹಳೇ ಎಲೆ ಉದುರೋಕೆ ಬಿಡಿ. ಅಕ್ಕ ತನ್ನ ಜೀವಮಾನದ ಲೆಕ್ಕವನ್ನೇ ಒಂದು ಗಿಡಕ್ಕಾಗಿ ಬಿಟ್ಟುಕೊಟ್ಟಳು. ನಾವು ಅವಳ ಮಗಳಿಗಾಗಿ ಒಂದು ಕಾಗದ ಬಿಟ್ಟುಕೊಡೋಕೆ ಆಗಲ್ವಾ?

ಅಕ್ಕನ ಕಾಡು ಅಲ್ಲಿವರೆಗೆ ನಾನು ನೋಡ್ಕೋತೀನಿ. ಗೊಣಗ್ತಾ ನೋಡ್ಕೋತೀನಿ.

...

ನಿರ್ದೇಶಕರು ಕಾಗದ ಮಡಚಿ ಜೇಬಿಗೆ ಇಟ್ಕೊಂಡರು. ಸಾರ್, ನಿಮಗೆ ಕೈ ಮುಗೀತೀನಿ.

ಭಾವ, ನಿಮಗೊಂದು ಮಾತು. ಅಂಗಡಿ ಹುಡುಗರು ಹೇಳಿದ್ರು, ಒಂದೇ ಹಲಗೆಗೆ ದಿನವಿಡೀ ಹತ್ತರಿ ಎಳೀತಿದ್ದೀರಂತೆ, ಹಲಗೆ ಸವೆದು ಕಾಗದ ಆಗಿದೆಯಂತೆ. ಒಂದು ಮರ ಬಿದ್ರೆ ಬಿದ್ದ ಮರ ನೋಡ್ಬೇಡ, ಪಕ್ಕದ ಮರ ನೋಡು ಅಂತಿದ್ಲು ಅಕ್ಕ. ಗಾಳಿ ಇನ್ನು ಅದಕ್ಕೇ ಹೊಡೆಯೋದು. ಸಂಜೆ ಅಂಗಡಿಗೆ ಬರ್ತೀನಿ. ಮಾತಾಡೋದೇನೂ ಬೇಡ, ಫ್ಲಾಸ್ಕು ತರ್ತೀನಿ. ಮುಚ್ಚಳ ಸರಿಯಾಗಿ ಹಾಕೇ ತರ್ತೀನಿ.

ಇನ್ನು ನನ್ನ ಕೈಲಿ ಆಗಲ್ಲ. ಇಲ್ಲಿಗೆ ನಿಲ್ಲಿಸ್ತೀನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಇಲ್ಲಿ ಮಲಗೋಕೆ ಜಾಗ ಇಲ್ಲ, ಇದ್ದಿದ್ರೆ ಅವಳು ಮಲಗಿಸ್ತಿದ್ಲು. ಗಡಿಯಾರ ನೋಡ್ಬೇಡಿ. ಅವಳ ನಿಯಮದ ಪ್ರಕಾರ, ಕಣ್ಣು ಹೊಂದಿಕೊಳ್ಳೋವರೆಗೆ ಮಾತಿಲ್ಲ.

ಮಗಳೇ, ನೀನು ಏಳಬೇಡ. ನೀನು ಕೂತಿರು. ಅಳು ಬಂದ್ರೆ ಅಳು, ಬರದಿದ್ರೆ ಬೇಡ.

ಕಿಟಕಿ ಪಕ್ಕದವರು ಮೊದಲು ಏಳಿ. ಒಂದು ಹೆಜ್ಜೆ ಈ ಕಡೆ ಬನ್ನಿ. ಇನ್ನೂ ಸ್ವಲ್ಪ, ಒತ್ತಾಗಿ...

ಹಾಂ. ಬಿತ್ತು ಅವಳ ಮೇಲೆ ನೆರಳು. ಅಲ್ಲೇ ನಿಂತಿರಿ.